ಗುಂಡಿನ ಗುರುತು ಎಂದು ನಾನು ಬರೆಯಲಿಲ್ಲ

ನಿವೃತ್ತಿಯ ದಿನ ನನಗೆ ಯಾರೂ ಶಾಲು ಹೊದಿಸಲಿಲ್ಲ. ನನಗದು ಬೇಕೂ ಇರಲಿಲ್ಲ. ನಾಯಂಡಹಳ್ಳಿಯ ಗೋಡೌನಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೆಕ್ಯೂರಿಟಿಯವರಿಗೆ ಕೊಟ್ಟು, ಮೆಟ್ರೋ ಹತ್ತಿ ಮನೆಗೆ ಬಂದೆ. ನನ್ನ ದುಡಿಮೆಯ ವಯಸ್ಸೆಲ್ಲ ಕಳೆದದ್ದು ಆ ಒಂದೇ ಸಂಸ್ಥೆಯಲ್ಲಿ. ಆದರೆ ಕೊನೆಯ ಕೆಲವು ವರ್ಷ ಅಲ್ಲಿನ ಯಾವ ವರದಿಯ ಮೇಲೂ ನನ್ನ ಸಹಿ ಬೀಳದಂತೆ ನೋಡಿಕೊಂಡರು. ಹಾಗೇಕೆ ಮಾಡಿದರು ಎಂಬುದು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನಾನು ಮಾಡಿದ್ದಕ್ಕೆ ಮರುಗುತ್ತಿದ್ದೇನೆ ಎಂದು ಯಾರಾದರೂ ಭಾವಿಸಿದ್ದರೆ ಅವರು ಮುಂದೆ ಓದುವ ಅಗತ್ಯವಿಲ್ಲ.

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನಮ್ಮ ಕುರುಬರಹಳ್ಳಿಯ ಬೀದಿಯವರಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. 'ಸರೋಜಾ ಆಂಟಿ ಹೆಲ್ಮೆಟ್ ಕಂಪನೀಲಿ ಇದ್ರು' ಎನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಹಳೆಯ ವಸ್ತುಗಳನ್ನು ಪರೀಕ್ಷಿಸಿ ಹರಾಜಿಗೆ ಇಡುವ ಖಾಸಗಿ ಸಂಸ್ಥೆಯದು. ಅಲ್ಲಿ ನನ್ನ ಪಾಲಿಗೆ ಬಂದದ್ದು ಸೈನಿಕರ ತಲೆಯ ಮೇಲಿದ್ದ ಸಾಮಾನು. ಹಳೆಯ ಕಾಲದ ಉಕ್ಕಿನ ಶಿರಸ್ತ್ರಾಣದಿಂದ ಹಿಡಿದು ಎರಡನೇ ಮಹಾಯುದ್ಧದ ತಟ್ಟೆಯಂಥ ಹೆಲ್ಮೆಟ್‌ವರೆಗೆ. ಇಡಿಯಾಗಿ ಬರುವುದು ಅಪರೂಪ. ಮೂಗಿನ ಮೇಲೆ ಇಳಿಯುವ ಪಟ್ಟಿಯೊಂದು ಬರುತ್ತದೆ, ಕುತ್ತಿಗೆ ಮುಚ್ಚುವ ಕಬ್ಬಿಣದ ಬಳೆಗಳ ಜಾಲರಿ ಬರುತ್ತದೆ, ಗದ್ದದ ಪಟ್ಟಿ, ಒಳಪದರ, ಹಿತ್ತಾಳೆ ಬಿಲ್ಲೆ, ಒಂದು ಹಿಡಿ ರಿವೆಟ್ಟು. ಇದು ಅಸಲಿಯೇ, ಎಷ್ಟು ಹಳೆಯದು, ಎಲ್ಲಿ ಕೆಟ್ಟಿದೆ, ಯಾರು ಯಾವಾಗ ರಿಪೇರಿ ಮಾಡಿದ್ದಾರೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು.

ಬಿ.ಎಸ್‌ಸಿ. ಮುಗಿಸಿ ಸೇರಿದಾಗ ನನ್ನನ್ನು ಮೊದಲು ಕೂರಿಸಿದ್ದು ನಾಣ್ಯಗಳ ಮುಂದೆ. ಆಯುಧ ವಿಭಾಗಕ್ಕೆ ಕಳಿಸಿದ್ದು ಅಲ್ಲಿಗೆ ಹೋಗಲು ಬೇರೆ ಯಾರೂ ಒಪ್ಪಲಿಲ್ಲ ಎಂಬ ಕಾರಣಕ್ಕೆ. ಅಲ್ಲಿದ್ದವರು ಸುಬೇದಾರ್ ಪೊನ್ನಪ್ಪನವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ಅವರ ಕೈಕೆಳಗೆ ಯಾರೂ ಒಂದು ವರ್ಷಕ್ಕಿಂತ ಹೆಚ್ಚು ನಿಂತಿರಲಿಲ್ಲ. ಮೊದಲ ದಿನವೇ ಒಂದು ತುಕ್ಕು ಹಿಡಿದ ಹೆಲ್ಮೆಟನ್ನು ನನ್ನ ಕೈಗಿಟ್ಟರು. ನಾನು ಭೂತಗನ್ನಡಿ ಹುಡುಕತೊಡಗಿದೆ.

"ಅದು ಆಮೇಲೆ. ಮೊದಲು ತಲೆ ಮೇಲೆ ಇಟ್ಕೋ," ಎಂದರು.

"ಸಾರ್, ಯಾರದ್ದೋ ಬೆವರು ಇರುತ್ತೆ."

"ಅದಕ್ಕೇ ಹೇಳಿದ್ದು."

ಇಟ್ಟುಕೊಂಡೆ. ಭಾರ ಮುಂದಕ್ಕೆ ವಾಲಿತು. ಅಸಲಿ ಹೆಲ್ಮೆಟ್ ಹಾಗೆ ವಾಲುವುದಿಲ್ಲ, ದಿನವಿಡೀ ಹೊತ್ತು ನಡೆಯಬೇಕಾದವನಿಗಾಗಿ ಮಾಡಿದ್ದು ಅದು. ಇದು ಶೋಕೇಸಿಗೆ ಮಾಡಿದ್ದು ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಅವತ್ತೇ ಇನ್ನೊಂದು ಮಾತೂ ಹೇಳಿದರು, ಮಲ್ಲಿಗೆ ಮುಡಿದು ಬರಬೇಡ, ಹಳೇ ಚರ್ಮದ ವಾಸನೆ ಗೊತ್ತಾಗುವುದಿಲ್ಲ ಎಂದು. ಮಾರನೆಯ ದಿನದಿಂದ ಬರಿತಲೆಯಲ್ಲಿ ಹೊರಟೆ. ನಮ್ಮತ್ತೆ ಬಾಗಿಲಲ್ಲಿ ತಡೆದರು.

"ಗಂಡ ಗುಂಡುಕಲ್ಲಿನ ಹಾಗಿರೋವಾಗ ಹೂ ಇಲ್ಲದೆ ಹೋಗ್ತೀಯಲ್ಲೇ."

"ಭಾನುವಾರ ಎರಡು ಮೊಳ ಮುಡೀತೀನಿ ಅತ್ತೆ," ಎಂದು ಹೇಳಿ ಬಸ್ಸಿಗೆ ಓಡಿದೆ. ವಾರವಿಡೀ ಇದೇ ಜಗಳ, ಭಾನುವಾರ ಶಾಂತಿ. ಹೀಗೇ ನಡೆಯಿತು.

ಹೆಂಗಸು ನೋಡಿದರೆ ಬೇಡ ಎನ್ನುವ ಗಿರಾಕಿಗಳಿದ್ದರು. 'ಲೇಡೀಸ್ ನೋಡ್ತಾರಾ ಇದನ್ನ?' ಎಂದು ನನ್ನೆದುರೇ ಪೊನ್ನಪ್ಪನವರನ್ನು ಕೇಳುವರು. 'ಅವರೇ ನೋಡೋದು. ಬೇಡ ಅಂದ್ರೆ ವಾಪಸ್ ತಗೊಂಡು ಹೋಗಿ' ಎಂದು ಅವರು ತಲೆ ಎತ್ತದೆ ಉತ್ತರಿಸುವರು. ನನ್ನನ್ನು ಒಮ್ಮೆಯೂ ಹೊಗಳದ ಆ ಮನುಷ್ಯ ಒಮ್ಮೆಯೂ ನನ್ನನ್ನು ಬಿಟ್ಟುಕೊಡಲಿಲ್ಲ.

ಅಸಲಿ ಯಾವುದೆಂದು ಅವರು ಕಲಿಸಿದರು. ನಕಲಿ ಹೇಗೆ ಮಾಡುತ್ತಾರೆಂದು ನಾನು ಕಲಿತದ್ದು ಅನ್ವರ್ ಭಾಯ್ ಬಳಿ. ನಾಯಂಡಹಳ್ಳಿಯಲ್ಲಿ ಅವರದೊಂದು ಶೆಡ್ಡು. ಸಿನಿಮಾದವರಿಗೂ ಪೌರಾಣಿಕ ನಾಟಕದವರಿಗೂ ಕಿರೀಟ, ಕವಚ, ಶಿರಸ್ತ್ರಾಣ ಬಡಿದುಕೊಡುತ್ತಿದ್ದರು. ನಮ್ಮಲ್ಲಿಗೆ ಬರುವ ಮೂಗುಪಟ್ಟಿಗಳಲ್ಲಿ ಹಲವು ಅವರ ಸುತ್ತಿಗೆಯವೇ ಎಂಬ ಅನುಮಾನ ನನಗಿತ್ತು. ನೇರವಾಗಿ ಹೋಗಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಸ್ಟೂಲು ಎಳೆದು ಕೂರಿಸಿ ಚಹಾ ತರಿಸಿದರು.

"ನಾನು ಹೊಸದು ಮಾಡಿ ಹೊಸದು ಅಂತಾನೇ ಕೊಡ್ತೀನಿ ಮೇಡಂ. ಇಲ್ಲಿಂದ ಹೊರಗೆ ಹೋದ್ಮೇಲೆ ಅದಕ್ಕೆ ಒಂದೇ ಸಲ ಇನ್ನೂರು ವರ್ಷ ವಯಸ್ಸಾಗ್ತದೆ. ಆ ಹಕೀಮರು ಬೇರೆ ಇದ್ದಾರೆ."

"ವಯಸ್ಸು ಹೇಗೆ ಮಾಡ್ತಾರೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲದೆ ಏನು. ನಿಮಗೆ ಯಾಕೆ ಬೇಕು, ಬಿಸಿನೆಸ್ ಶುರು ಮಾಡ್ತೀರಾ?"

ಉಪ್ಪುನೀರು, ಯೂರಿಯಾ, ಹಸಿ ಸಗಣಿಯ ಗುಂಡಿ, ಹೀಗೆ ಎಲ್ಲವನ್ನೂ ಹೇಳಿದರು. ಅವರಿಂದಲೇ ಮೂರು ತುಂಡು ತಗಡು ಇಸಿದುಕೊಂಡು ಬಂದು ನಮ್ಮ ಹಿತ್ತಲಿನಲ್ಲಿ ಬಗೆಬಗೆಯಾಗಿ ಹೂತಿಟ್ಟೆ. ನಿಧಿ ಹುಡುಕುತ್ತಿದ್ದೀಯಾ ಎಂದು ಅತ್ತೆ ಕೇಳಿದರು. ಮಳೆಗಾಲ ಕಳೆದ ಮೇಲೆ ಅಗೆದು ನೋಡಿದೆ. ನೋಡಲು ಪುರಾತನ. ಆದರೆ ಒದ್ದೆ ಹತ್ತಿಯಿಂದ ಉಜ್ಜಿದರೆ ಕಿತ್ತಳೆ ಬಣ್ಣದ ಪುಡಿ ಕೈಗೆ ಬರುತ್ತಿತ್ತು. ತಲೆಮಾರುಗಟ್ಟಲೆ ಕೂತ ತುಕ್ಕು ಕಪ್ಪಗಿರುತ್ತದೆ, ಗಟ್ಟಿಯಾಗಿರುತ್ತದೆ, ಅಷ್ಟು ಸುಲಭವಾಗಿ ಹತ್ತಿಗೆ ಅಂಟುವುದಿಲ್ಲ.

ಮುಂದಿನ ತಿಂಗಳು ಒಬ್ಬ ವ್ಯಾಪಾರಿ ಬಂದ. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದ ಮೂಗುಪಟ್ಟಿ, ಯಾವುದೋ ಪಾಳೆಯಗಾರರ ಮನೆತನದ್ದಂತೆ. ನಾನು ಹತ್ತಿಯನ್ನು ಒದ್ದೆ ಮಾಡಿ ಒಮ್ಮೆ ಒರೆಸಿ ಅವನ ಮುಂದಿಟ್ಟೆ.

"ಇದಕ್ಕೆ ಒಂದು ಮಳೆಗಾಲ ಆಗಿದೆ ಅಷ್ಟೆ," ಎಂದೆ.

"ಮೇಡಂ, ನಿಮಗೆ ಮೇಲಿನವರಿಂದ ಹೇಳಿಸ್ತೀನಿ."

"ಹೇಳಿಸಿ. ಅವರಿಗೂ ಹತ್ತಿ ತೋರಿಸ್ತೀನಿ."

ಅವನು ಹೇಳಿಸಲೂ ಇಲ್ಲ, ಮತ್ತೆ ಬರಲೂ ಇಲ್ಲ. ಆಗ ನನ್ನ ಮೇಲಿದ್ದವರು ಪೊನ್ನಪ್ಪನವರು. ಆ ಬೆಂಬಲ ಎಷ್ಟು ದೊಡ್ಡದಿತ್ತೆಂದು ನನಗೆ ಗೊತ್ತಾದದ್ದು ಅವರು ಕೆಲಸ ಬಿಟ್ಟು ಹೋಗಿ, ಆ ಜಾಗಕ್ಕೆ ಮೋಹನ್ ಬಂದ ಮೇಲೆ.

ಮೋಹನ್ ನನಗಿಂತ ಕಿರಿಯರು. ಮಾರಾಟದ ಓದು ಓದಿ ಬಂದವರು. ಮಾತು ಮೃದು, ನಡವಳಿಕೆ ಚೊಕ್ಕಟ. ಬಂದ ಹೊಸತರಲ್ಲಿ ಕ್ಯಾಟಲಾಗಿನ ಫೋಟೋ ಚೆನ್ನಾಗಿ ಬರಲಿ ಎಂದು ಒಂದು ತಟ್ಟೆ ಹಿತ್ತಾಳೆ ಬಿಲ್ಲೆಗಳನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕಿಸಿಬಿಟ್ಟರು. ಎಷ್ಟೋ ಕಾಲದಿಂದ ಕೂತಿದ್ದ ಬಣ್ಣವೆಲ್ಲ ಒಂದು ಬೆಳಿಗ್ಗೆ ಚರಂಡಿಗೆ ಹೋಯಿತು. ಕೊಳ್ಳಲು ಬಂದವರು ನೋಡಿ, ಇವು ಹೊಸವಲ್ಲವೇ ಎಂದು ಎದ್ದು ಹೋದರು. ಎರಡನೆಯ ತಟ್ಟೆಯನ್ನು ತಿಕ್ಕಲು ಒಯ್ಯುವಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಮೋಹನ್ ನನ್ನನ್ನು ಒಳಗೆ ಕರೆದರು.

"ಮೇಡಂ, ನಾವು ಇಲ್ಲಿ ಲೋಹ ಮಾರ್ತಾ ಇಲ್ಲ. ಕಥೆ ಮಾರ್ತಾ ಇದೀವಿ."

"ಕಥೆ ನಿಜ ಇದ್ರೆ ನನ್ನ ಅಭ್ಯಂತರ ಇಲ್ಲ ಸಾರ್," ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಮುಂದೆ ನಡೆದದ್ದೆಲ್ಲ ಈ ಎರಡು ಮಾತುಗಳ ನಡುವೆಯೇ.

ಕೆಂಗೇರಿ ಕಡೆಯ ಹಳೇ ಊರಿನ ಒಕ್ಕಲು ಮನೆತನದವರು ಶಿವಣ್ಣ. ಒಂದು ದಿನ ಗೋಣಿಚೀಲದಲ್ಲಿ ತಮ್ಮ ತಂದೆಯ ಹೆಲ್ಮೆಟ್ ತಂದರು. ತಂದೆ ಮರಿಯಪ್ಪನವರು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿ ಬಂದವರು. ಅಗಲ ಅಂಚಿನ ಉಕ್ಕಿನ ಹೆಲ್ಮೆಟ್. ಎಡಗಡೆ, ಕಿವಿಗಿಂತ ಸ್ವಲ್ಪ ಮೇಲೆ, ಅಂಗೈಯಷ್ಟು ಅಗಲದ ಒಂದು ತಗ್ಗು.

"ಗುಂಡು ಬಿದ್ದಿದ್ದು ಮೇಡಂ," ಎಂದರು ಶಿವಣ್ಣ. "ಬರ್ಮಾದಲ್ಲಿ. ನಾವು ಚಿಕ್ಕವರಿದ್ದಾಗ ಅಪ್ಪ ಇಲ್ಲಿಗೆ ನಮ್ಮ ಬೆರಳು ಹಿಡಿದು ಮುಟ್ಟಿಸೋರು."

ಮೋಹನ್ ಅಲ್ಲೇ ನಿಂತಿದ್ದರು. ಅವರ ಮುಖ ಅರಳಿತು. ಮುಂಬೈ ಕಡೆಯ ಸಂಗ್ರಹಕಾರರೊಬ್ಬರು ಯುದ್ಧದಲ್ಲಿ ಪೆಟ್ಟು ತಿಂದ ಹೆಲ್ಮೆಟ್‌ಗಳನ್ನೇ ಹುಡುಕುತ್ತಿದ್ದಾರೆಂದು ನನಗೂ ಗೊತ್ತಿತ್ತು. ಹಳೇ ಮನೆಯ ಮಗ್ಗುಲಲ್ಲಿ ಇನ್ನೊಂದು ಮನೆ ಕಟ್ಟಿಸುತ್ತಿದ್ದ ಶಿವಣ್ಣನವರಿಗೆ ಮಾರುವ ಮನಸ್ಸಿತ್ತು. ಇನ್ನು ಬೇಕಾದದ್ದು ನನ್ನ ವರದಿ.

ಟೇಬಲ್ಲಿನ ಮೇಲಿಟ್ಟು ಮಗುಚಿದೆ. ಹೊರಗೆ ಏನು ಕಂಡರೂ ಮೊದಲು ಒಳಗೆ ನೋಡುವುದು ನನ್ನ ಪದ್ಧತಿ. ಸೈನ್ಯದ ಒಳಪದರ ನೆತ್ತಿಯ ನಡುವೆ ಒಂದೇ ಸ್ಕ್ರೂ ಮೇಲೆ ನಿಂತಿರುತ್ತದೆ. ಸ್ಕ್ರೂ ಇತ್ತು, ಅಸಲಿಯದೇ. ಆದರೆ ಒಳಪದರ ಸೈನ್ಯದ್ದಲ್ಲ. ಹಳೇ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಗೋಣಿದಾರದಲ್ಲಿ ಹೊಲಿದು ಅದೇ ಸ್ಕ್ರೂಗೆ ಸಿಕ್ಕಿಸಿದ್ದರು. ಹೊಲಿಗೆ ಕೈಯದು, ಒತ್ತೊತ್ತಾಗಿ, ಎಲ್ಲೂ ಬಿಟ್ಟುಕೊಂಡಿರಲಿಲ್ಲ. ಗದ್ದದ ಪಟ್ಟಿಯ ಜಾಗದಲ್ಲಿ ಹೆಣೆದ ಹುರಿ. ಒಳಗೆಲ್ಲ ಬೆವರಿನ ಕಲೆ.

ಆಮೇಲೆ ತಗ್ಗು ನೋಡಿದೆ. ಗುಂಡು ಬಿದ್ದರೆ ಪೆಟ್ಟು ಚಿಕ್ಕದಾಗಿ, ಆಳವಾಗಿ, ಅಂಚು ಚೂಪಾಗಿ ಇರುತ್ತದೆ. ಗುಂಡಿನ ಲೋಹ ಸ್ವಲ್ಪವಾದರೂ ಸವರಿಕೊಂಡಿರುತ್ತದೆ. ಇದು ಅಗಲವಾಗಿ, ಒರಟಾಗಿ, ಉದ್ದುದ್ದ ಗೀರುಗಳ ಜೊತೆ ಒಳಕ್ಕೆ ಹೋಗಿತ್ತು. ಗೀರುಗಳ ತಳದಲ್ಲಿ ಬೆಳ್ಳಗೆ ಕಲ್ಲಿನ ಪುಡಿ ಕೂತಿತ್ತು. ಅದಕ್ಕಿಂತ ದೊಡ್ಡ ವಿಷಯ ಬಣ್ಣದ್ದು. ಅಡಿಯಲ್ಲಿ ಸೈನ್ಯದ ಖಾಕಿ, ಅದರ ಮೇಲೆ ನೀಲಿ ಆಯಿಲ್ ಪೇಂಟ್, ಮನೆಯ ಬಾಗಿಲಿಗೆ ಹೊಡೆಯುವಂಥದು. ಪೆಟ್ಟು ಬಿದ್ದಾಗ ಎರಡೂ ಬಣ್ಣ ಒಟ್ಟಿಗೆ ಬಿರುಕು ಬಿಟ್ಟಿದ್ದವು. ಎಂದರೆ ಹೆಲ್ಮೆಟ್ ಮನೆಗೆ ಬಂದು, ನೀಲಿ ಬಣ್ಣ ಬಳಿಸಿಕೊಂಡ ಮೇಲೆ ಬಿದ್ದ ಪೆಟ್ಟು ಅದು. ಬರ್ಮಾದಲ್ಲಿ ಬಿದ್ದದ್ದಾಗಲು ಸಾಧ್ಯವೇ ಇರಲಿಲ್ಲ.

ಆದರೆ ಮತ್ತೆಲ್ಲಿ ಬಿದ್ದದ್ದು? ಕೇಳದೆ ಬರೆಯಲು ಮನಸ್ಸಾಗಲಿಲ್ಲ. ಆ ಶನಿವಾರ ಕೆಂಗೇರಿಗೆ ಹೋದೆ. ಶಿವಣ್ಣನವರ ತಾಯಿ ಪುಟ್ಟತಾಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ವಯಸ್ಸಾಗಿತ್ತು, ಕಣ್ಣು ಚುರುಕಾಗಿತ್ತು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡೆ. ಶಿವಣ್ಣ ಬಾಗಿಲ ಬಳಿ ನಿಂತಿದ್ದರು.

"ಅಮ್ಮ, ಹೆಲ್ಮೆಟ್ ಒಳಗಿನ ಕಂಬಳಿ ಯಾರು ಹೊಲಿದಿದ್ದು?"

"ನಾನೇ ಕಣಮ್ಮ. ಮಿಲಿಟ್ರಿದು ಗಬ್ಬು ನಾರ್ತಿತ್ತು, ಕೊಳೆತೋಗಿತ್ತು. ಕಿತ್ತಾಕಿ ಹೊಲ್ದೆ. ಬಿಚ್ಚಿಕೊಂಡೈತಾ?"

"ಇಲ್ಲ. ಒಂದು ಹೊಲಿಗೆನೂ ಬಿಟ್ಟಿಲ್ಲ."

ಅವರಿಗೆ ಸಮಾಧಾನವಾಯಿತು. ನೀಲಿ ಬಣ್ಣ ಬಾಗಿಲಿಗೆ ಹೊಡೆದು ಮಿಕ್ಕಿದ್ದೆಂದು ಹೇಳಿದರು. ತಗ್ಗಿನ ವಿಷಯ ಕೇಳಿದಾಗ ಮಾತ್ರ ಮಗನ ಕಡೆ ನೋಡಿದರು. ಆಮೇಲೆ ಹೇಳಿದರು. ಯುದ್ಧದಿಂದ ಬಂದ ಮರಿಯಪ್ಪ ಕಲ್ಲು ಕ್ವಾರಿಗೆ ಕೂಲಿಗೆ ಸೇರಿದ್ದರು. ಈಗ ಅನ್ನಪೂರ್ಣೇಶ್ವರಿ ನಗರದ ಮನೆಗಳು ನಿಂತಿರುವ ಕಡೆ ಆಗ ಬಂಡೆ ಒಡೆಯುತ್ತಿದ್ದರು. ಕ್ವಾರಿಗೆ ಹೆಲ್ಮೆಟ್ ಹಾಕಿಕೊಂಡು ಹೋಗುತ್ತಿದ್ದವರು ಅವರೊಬ್ಬರೇ. ಜೊತೆಯವರು 'ಏನ್ ಮರಿಯಪ್ಪ, ಇಲ್ಯಾವ ಯುದ್ಧ?' ಎಂದು ನಗುತ್ತಿದ್ದರು. ಒಂದು ದಿನ ಸಿಡಿಮದ್ದು ಹೊತ್ತಿಗೆ ಮುಂಚೆ ಸಿಡಿಯಿತು. ಕಲ್ಲು ಬಂದು ತಲೆಗೆ ಬಡಿಯಿತು. ಪಕ್ಕದಲ್ಲಿದ್ದ ಇಬ್ಬರು ಏಳಲಿಲ್ಲ. ಮರಿಯಪ್ಪನವರನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದರು. ಎಡಗಿವಿ ಕೇಳಿಸುತ್ತಿರಲಿಲ್ಲ, ಜೀವ ಇತ್ತು.

"ಇವನು ಹುಟ್ಟಿದ್ದು ಆಮ್ಯಾಲೆ," ಎಂದು ಮಗನನ್ನು ತೋರಿಸಿದರು. "ಕ್ವಾರಿ ಕೂಲಿ ಅಂತ ಮಕ್ಕಳಿಗೆ ಹೇಳ್ಕಳಾಕೆ ಅವರಿಗೆ ನಾಚಿಕೆ. ಗುಂಡು ಅಂದ್ರು. ನಾನೂ ಸುಮ್ಕಿದ್ದೆ."

ಶಿವಣ್ಣ ಬಾಗಿಲು ಬಿಟ್ಟು ಬಂದು ನನ್ನ ಮುಂದೆ ನಿಂತರು. ಮುಖ ಕೆಂಪಾಗಿತ್ತು.

"ನಮ್ಮಪ್ಪ ಮಿಲಿಟ್ರಿಯವರು ಮೇಡಂ. ನೀವು ಅವರನ್ನ ಸುಳ್ಳುಗಾರ, ಕೂಲಿಯವನು ಅಂತ ಬರೀತೀರಾ?"

"ಅವರು ಮಿಲಿಟ್ರಿಯವರು ಅಂತ ಬರೀತೀನಿ, ಹೆಲ್ಮೆಟ್ ಅಸಲಿ. ಪೆಟ್ಟು ಕಲ್ಲಿಂದು ಅಂತ ಬರೀತೀನಿ. ಸುಳ್ಳು ಅನ್ನೋ ಮಾತು ನನ್ನ ವರದೀಲಿ ಬರಲ್ಲ."

ಅವರು ಉತ್ತರಿಸುವ ಮೊದಲೇ ಪುಟ್ಟತಾಯಮ್ಮ ಅವರೆಸಿಪ್ಪೆಯನ್ನು ಮಡಿಲಿಂದ ಕೊಡವಿದರು.

"ಬರಿ ತಾಯಿ. ಕಲ್ಲೇನು ಗುಂಡಿಗಿಂತ ಮೆತ್ತಗಿತ್ತಾ?"

ನಾನು ಬರೆದೆ. 'ಹೆಲ್ಮೆಟ್ ಅಸಲಿ. ಎಡಬದಿಯ ತಗ್ಗು ಯುದ್ಧಾನಂತರದ್ದು, ಕಲ್ಲಿನ ಪೆಟ್ಟು. ಒಳಪದರ ಬಳಕೆಯ ಕಾಲದಲ್ಲಿ ಮನೆಯಲ್ಲಿ ಬದಲಾಯಿಸಿದ್ದು, ಹೊಲಿದವರು ಪುಟ್ಟತಾಯಮ್ಮ. ಸ್ಥಿತಿ ಉತ್ತಮ.'

ಮೋಹನ್ ಅದನ್ನು ಓದಿ ಕನ್ನಡಕ ತೆಗೆದರು.

"ಉತ್ತಮ? ಮೇಡಂ, ಈ ಲೈನರ್ ಮೂಲದ್ದೇ ಅಲ್ಲ. ಕಂಬಳಿ ತುಂಡು. ಕಿತ್ತು ತೆಗೀರಿ. ಗೋಡೌನಲ್ಲಿ ಬಿಡಿ ಲೈನರ್ ಇದಾವಲ್ಲ, ಒಳ್ಳೇದು ನೋಡಿ ಒಂದು ಹಾಕಿಸಿ. ನೀಲಿ ಬಣ್ಣಾನೂ ತೆಗೆಸಿಬಿಡಿ. ತಗ್ಗಿನ ವಿಷಯ ಯುದ್ಧದ ಹಾನಿ ಅಂದ್ರೆ ಸಾಕು, ಗುಂಡು ಅಂತಾನೂ ಬರೀಬೇಡಿ."

"ಆ ಲೈನರ್ ಬೇರೆ ಯಾರೋ ಸಿಪಾಯಿದು ಸಾರ್. ಅವನ ಬೆವರು ತಂದು ಮರಿಯಪ್ಪನವರ ತಲೆಗೆ ಕಟ್ಟಲ್ಲ ನಾನು."

"ಇದು ಭಾವನೆ ಮಾತು."

"ಅಲ್ಲ, ಕೆಲಸದ ಮಾತು. ಎರಡು ಅಸಲಿ ಸೇರಿಸಿ ಒಂದು ನಕಲಿ ಮಾಡೋದು ಅಂತಾರೆ ಇದಕ್ಕೆ. ಹೊರಗಿನವರು ಮಾಡಿದ್ರೆ ನಾವೇ ವಾಪಸ್ ಕಳಿಸ್ತೀವಿ."

ಈ ಜಾಗದಲ್ಲಿ ಹೊಸಬರಿಗೆ ಒಂದು ಮಾತು ಹೇಳಬೇಕು. ಬಳಸಿದವನು ತನ್ನ ಅಗತ್ಯಕ್ಕೆ ಮಾಡಿಕೊಂಡ ರಿಪೇರಿ ಬೇರೆ, ಮಾರುವವನು ಕೊಳ್ಳುವವನ ಕಣ್ಣಿಗಾಗಿ ಮಾಡಿದ ರಿಪೇರಿ ಬೇರೆ. ಮೊದಲನೆಯದು ಆ ವಸ್ತುವಿನ ಬಾಳಿಗೆ ಸೇರಿದ್ದು. ಅದನ್ನು ದೋಷ ಎಂದು ಬರೆಯಿರಿ ಎಂದು ಯಾರು ಹೇಳಿದರೂ ಬರೆಯಬೇಡಿ. ಹಾಗೆ ಹೇಳುವವರು ನಿಮ್ಮ ಬಡ್ತಿಯ ಕಾಗದಕ್ಕೆ ಸಹಿ ಹಾಕುವವರೇ ಆಗಿರುತ್ತಾರೆ, ಅದಕ್ಕೂ ತಯಾರಿರಿ.

ಮುಂಬೈಯವರು ಬಂದ ದಿನ ನನ್ನನ್ನು ಮೀಟಿಂಗಿಗೆ ಕರೆಯಬಾರದೆಂದು ತೀರ್ಮಾನವಾಗಿತ್ತು. ಆದರೆ ಆ ಹಿರಿಯರು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, ಇದನ್ನು ನೋಡಿದವರು ಯಾರೋ ಅವರನ್ನೇ ಕರೆಸಿ ಎಂದರಂತೆ. ಒಳಗೆ ಹೋದೆ. ಮೋಹನ್ ಇದ್ದರು, ಶಿವಣ್ಣ ಇದ್ದರು. ಹಿರಿಯರು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಇದು ಯುದ್ಧದಲ್ಲಿ ಆದ ಪೆಟ್ಟೇ ಎಂದು. ಮೋಹನ್ ನನ್ನನ್ನೇ ನೋಡುತ್ತಿದ್ದರು. ಶಿವಣ್ಣ ನೆಲ ನೋಡುತ್ತಿದ್ದರು. ಒಂದು ಕ್ಷಣ ಶಿವಣ್ಣನವರ ಅರ್ಧ ಎದ್ದ ಗೋಡೆಗಳು ನನ್ನ ಕಣ್ಣ ಮುಂದೆ ಬಂದವು. ಅದನ್ನು ಇಲ್ಲವೆನ್ನುವುದಿಲ್ಲ.

"ಅಲ್ಲ," ಎಂದೆ. "ಕಲ್ಲು ಕ್ವಾರಿಯಲ್ಲಿ ಬಿದ್ದ ಪೆಟ್ಟು. ಈ ಹೆಲ್ಮೆಟ್ ಒಬ್ಬ ಮನುಷ್ಯನ ಜೀವ ಉಳಿಸಿದೆ. ಯುದ್ಧದಲ್ಲಲ್ಲ, ಅಷ್ಟೆ."

ಅವರು ಹೆಲ್ಮೆಟ್ಟನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟರು. ತಮ್ಮ ಸಂಗ್ರಹ ಯುದ್ಧದ್ದು, ಕ್ವಾರಿಯದಲ್ಲ ಎಂದು ಹೇಳಿ ಧನ್ಯವಾದ ತಿಳಿಸಿ ಹೊರಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇಕಾದ್ದನ್ನು ಕೇಳಿದರು, ಇಲ್ಲವೆಂದಾಗ ಹೋದರು. ಶಿವಣ್ಣ ಹೆಲ್ಮೆಟ್ಟನ್ನು ಅದೇ ಗೋಣಿಚೀಲಕ್ಕೆ ಹಾಕಿಕೊಂಡರು. ನನ್ನ ಮುಖ ನೋಡಲಿಲ್ಲ.

ಮಾರನೆಯ ವಾರ ನನ್ನ ಸಹಿಯ ಅಧಿಕಾರ ಹೋಯಿತು. ನಾಯಂಡಹಳ್ಳಿಯ ಬಿಡಿಭಾಗಗಳ ಗೋಡೌನಿಗೆ ಹಾಕಿದರು. ಧೂಳು, ಕತ್ತಲೆ, ಇಲಿ. ನಾನು ರಾಜೀನಾಮೆ ಕೊಡುತ್ತೇನೆಂದು ಎಲ್ಲರೂ ಕಾದರು. ನಾನು ಕೊಡಲಿಲ್ಲ. ಅಲ್ಲಿದ್ದ ಒಂದೊಂದು ಒಳಪದರಕ್ಕೂ ಒಂದೊಂದು ಪಟ್ಟಿಗೂ ಚೀಟಿ ಕಟ್ಟಿದೆ, ಯಾವ ಹೆಲ್ಮೆಟ್ಟಿನಿಂದ ಬಂದದ್ದು, ಯಾವುದಕ್ಕೆ ಹಾಕಬಾರದು ಎಂದು. ಮೋಹನ್ ಒಮ್ಮೆ ಬಂದು ನೋಡಿ ತಲೆ ಅಲ್ಲಾಡಿಸಿ ಹೋದರು. ಆ ಚೀಟಿಗಳಿರುವವರೆಗೆ ಅಲ್ಲಿಂದ ಒಂದು ಲೈನರನ್ನೂ ಗೊತ್ತಿಲ್ಲದೆ ಎತ್ತಿ ಇನ್ನೊಂದಕ್ಕೆ ಹಾಕುವ ಹಾಗಿರಲಿಲ್ಲ. ಗೊತ್ತಿದ್ದು ಹಾಕಬೇಕಿತ್ತು. ಅಷ್ಟು ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮಧ್ಯಾಹ್ನದ ಚಹಾಕ್ಕೆ ಅನ್ವರ್ ಭಾಯ್ ಶೆಡ್ಡಿಗೆ ಹೋಗುತ್ತಿದ್ದೆ.

"ಏನ್ ಮೇಡಂ, ನಿಮ್ಮನ್ನೂ ಸ್ಕ್ರ್ಯಾಪಿಗೆ ಹಾಕಿದ್ರಾ?" ಎಂದು ಕೇಳಿದರು.

"ಹೌದು. ಒಳ್ಳೆ ಸ್ಥಿತಿಯಲ್ಲೇ ಇದೀನಿ," ಎಂದೆ.

ಈ ನಡುವೆ ಪರೀಕ್ಷೆಯ ವಿಧಾನವೂ ಬದಲಾಯಿತು. ಪಿಸ್ತೂಲಿನಂಥ ಯಂತ್ರ ಬಂತು. ಲೋಹದ ಮೇಲೆ ಹಿಡಿದರೆ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಲ್ಲೇ ತೋರಿಸುತ್ತದೆ. ನಾವು ಕೆರೆದ ಪುಡಿಯನ್ನು ಲ್ಯಾಬಿಗೆ ಕಳಿಸಿ ವಾರಗಟ್ಟಲೆ ಕಾಯುತ್ತಿದ್ದೆವು. ಹಳೆಯ ವಿಧಾನವೇ ಮೇಲು ಎಂದು ನಾನು ಹೇಳುವುದಿಲ್ಲ. ನೇರಳಾತೀತ ದೀಪದ ಕೆಳಗೆ ಹೊಸ ನೂಲು ಬೆಳ್ಳಗೆ ಹೊಳೆಯುವುದನ್ನು ಮೊದಲ ಸಲ ಕಂಡ ದಿನ ನಾನು ಮಗುವಿನಂತೆ ಖುಷಿಪಟ್ಟಿದ್ದೆ. ಆದರೆ ಈಗ ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಕಳಿಸಿ 'ಒರಿಜಿನಲ್ ಅಂತ ಒಂದು ಲೈನ್ ಹಾಕಿ ಮೇಡಂ' ಎನ್ನುವವರಿದ್ದಾರೆ. ನಿವೃತ್ತಿಯ ನಂತರ ಸಂಸ್ಥೆಯವರೇ ಹಾಗೆ ಕೇಳಿದರು. ಕೈಯಲ್ಲಿ ಹಿಡಿಯದ ವಸ್ತುವಿನ ಬಗ್ಗೆ ಒಂದು ಲೈನ್ ಅಲ್ಲ, ಒಂದು ಪದವನ್ನೂ ಬರೆಯುವುದಿಲ್ಲ ಎಂದು ತಿಳಿಸಿದೆ. ಮತ್ತೆ ಕೇಳಲಿಲ್ಲ.

ಕಳೆದ ವರ್ಷ ನಮ್ಮ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಶಿವಣ್ಣ. ತಲೆ ಪೂರ್ತಿ ನರೆತಿತ್ತು. ಒಳಗೆ ಬಂದು ಕೂತು ನೀರು ಕುಡಿದರು. ಪುಟ್ಟತಾಯಮ್ಮ ತೀರಿಕೊಂಡಿದ್ದರು. ಅನ್ನಪೂರ್ಣೇಶ್ವರಿ ನಗರದಲ್ಲಿ ಹೊಸ ಸಮುದಾಯ ಭವನ ಆಗಿದೆ, ಅಲ್ಲಿ ಊರಿನ ಹಿರಿಯರ ವಸ್ತುಗಳನ್ನಿಡಲು ಒಂದು ಗಾಜಿನ ಕಪಾಟು ಮಾಡಿಸಿದ್ದಾರೆ, ಅಪ್ಪನ ಹೆಲ್ಮೆಟ್ ಕೇಳುತ್ತಿದ್ದಾರೆ ಎಂದರು.

"ಭವನದ ಅಧ್ಯಕ್ಷರು ಗುಂಡೇಟು ತಿಂದ ಯುದ್ಧವೀರ ಅಂತ ಬೋರ್ಡ್ ಬರೆಸಿದ್ರು. ನಾನು ಬೇಡ ಅಂದೆ."

"ಯಾಕೆ?"

"ಅಮ್ಮ ಹೋಗೋಕೆ ಮುಂಚೆ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಕ್ವಾರಿ ಕಥೆ ಹೇಳಿಬಿಟ್ಟಿದಾರೆ ಮೇಡಂ. ಈಗ ನಾನು ಗುಂಡು ಅಂದ್ರೆ ಮಕ್ಕಳು ನಗ್ತಾವೆ." ಖಾಲಿ ಲೋಟ ಕೆಳಗಿಟ್ಟರು. "ನನಗೂ ಆ ಕಥೆನೇ ಇಷ್ಟ ಆಗಿದೆ ಈಗ. ಅವತ್ತು ಬರೆದಿದ್ರಲ್ಲ, ಅದನ್ನೇ ಬರೆದುಕೊಡಿ."

ಬರೆದುಕೊಟ್ಟೆ. ಅಧ್ಯಕ್ಷರು, ಇದನ್ನು ಯಾರು ನಿಂತು ಓದುತ್ತಾರೆ ಎಂದು ಗೊಣಗಿದರಂತೆ. ಶಿವಣ್ಣ ಪಟ್ಟು ಬಿಡಲಿಲ್ಲ. ಹೆಲ್ಮೆಟ್ಟನ್ನು ಕಪಾಟಿನಲ್ಲಿ ಕೂರಿಸಲು ಶಿವಣ್ಣನವರ ಜೊತೆ ನಾನೇ ಹೋದೆ, ಒಳಗಿನ ಕಂಬಳಿ ಕಾಣುವ ಹಾಗೆ ಓರೆಯಾಗಿ ಇಟ್ಟೆ.

ಭವನದ ಪಕ್ಕದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ನೀರಿನ ಕೊಡ ತುಂಬಿಸಿಕೊಳ್ಳಲು ಭವನದ ನಲ್ಲಿಗೆ ಬಂದವಳು, ಬಾಗಿಲಲ್ಲೇ ನಿಂತು ಕಪಾಟು ನೋಡಿದಳು. ಹೆಸರು ದುರುಗಮ್ಮ, ರಾಯಚೂರು ಕಡೆಯವಳು. ತಲೆಯ ಮೇಲೆ ಹಳದಿ ಪ್ಲಾಸ್ಟಿಕ್ ಹೆಲ್ಮೆಟ್.

"ಅದರಾಗ ಏನ್ ಬರದಾರ್ರೀ ಅಕ್ಕಾರ?"

ಓದಿ ಹೇಳಿದೆ. ಸಿಡಿದ ಕಲ್ಲು, ಎತ್ತಿನ ಗಾಡಿ, ಕಂಬಳಿ ಹೊಲಿದ ಹೆಂಡತಿ, ಎಲ್ಲವನ್ನೂ ಹೇಳಿದೆ. ಅವಳು ಕೊಡ ಕೆಳಗಿಟ್ಟು, ತನ್ನ ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟಳು.

"ನೀವು ನೋಡಾಕ ಬಲ್ಲವ್ರಿದ್ದೀರಿ. ಇದರಾಗ ನಾ ಉಳೀತೀನೇನ್ರೀ?"

ಮಗುಚಿದೆ. ಒಳಗೆ ಇರಬೇಕಾದ ಪಟ್ಟಿಗಳ ಜಾಲವೇ ಇರಲಿಲ್ಲ, ಒಂದು ಟವೆಲ್ ಮಡಿಸಿ ತುರುಕಿದ್ದಳು. ಗದ್ದದ ಪಟ್ಟಿಯ ಜಾಗದಲ್ಲಿ ಕರೆಂಟಿನ ವೈರು. ಅಂಚಿನಿಂದ ನೆತ್ತಿಯ ಕಡೆಗೆ ಸಣ್ಣಗೆ ಒಂದು ಬಿರುಕು. ಯಾರೋ ಬಿಸಾಡಿದ್ದನ್ನು ಅವಳಿಗೆ ಕೊಟ್ಟಿದ್ದರು.

"ಇಲ್ಲ," ಎಂದೆ. "ಉಳಿಯಲ್ಲ."

ಹೆಲ್ಮೆಟ್ಟನ್ನು ವಾಪಸ್ ಕೊಡದೆ ಅವಳ ಜೊತೆ ರಸ್ತೆ ದಾಟಿದೆ. ಸೂಪರ್‌ವೈಸರ್ ಕುರ್ಚಿ ಹಾಕಿಕೊಂಡು ಫೋನ್ ನೋಡುತ್ತಿದ್ದ.

"ಇವರಿಗೆ ಬೇರೆ ಹೆಲ್ಮೆಟ್ ಕೊಡಿ. ಇದು ಒಡೆದಿದೆ, ಒಳಗೆ ಏನೂ ಇಲ್ಲ."

"ನೀವ್ಯಾರು ಮೇಡಂ? ಲೇಬರ್ ಆಫೀಸಿಂದಾ?"

"ಅಲ್ಲ. ಹೆಲ್ಮೆಟ್ ನೋಡೋಳು."

"ಗಂಡಸರಿಗೆ ಕೊಟ್ಟಿದೀವಿ ಮೇಡಂ. ಹೆಂಗಸರು ಕೆಳಗಡೆ ಮಣ್ಣು ಹೊರ್ತಾರೆ ಅಷ್ಟೆ, ಅವರಿಗ್ಯಾಕೆ?"

"ಮೇಲಿಂದ ಬೀಳೋ ಇಟ್ಟಿಗೆಗೆ ಗಂಡಸು ಯಾರು ಹೆಂಗಸು ಯಾರು ಅಂತ ಗೊತ್ತಾಗುತ್ತಾ?"

ಅವನು ಮಾಲೀಕರ ಹೆಸರು ಹೇಳಿದ, ಅಧ್ಯಕ್ಷರ ಹೆಸರು ಹೇಳಿದ, ಕೆಲಸಕ್ಕೆ ಅಡ್ಡಿ ಮಾಡಬೇಡಿ ಎಂದ. ನಾನು ಅಲ್ಲಿದ್ದ ಸಿಮೆಂಟ್ ಮೂಟೆಯ ಮೇಲೆ ಕೂತು, ಚೀಲದಿಂದ ಪೆನ್ನು ಕಾಗದ ತೆಗೆದು ಎರಡು ಪ್ರತಿ ಬರೆದೆ. 'ಹೆಲ್ಮೆಟ್, ಪ್ಲಾಸ್ಟಿಕ್. ಒಳಜಾಲ ಇಲ್ಲ. ಗದ್ದದ ಪಟ್ಟಿ ಇಲ್ಲ. ಬಿರುಕು ಇದೆ. ತಲೆ ಕಾಯಲು ಯೋಗ್ಯವಲ್ಲ.' ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ವರದಿಯೊಂದರ ಕೆಳಗೆ ಎಷ್ಟೋ ವರ್ಷದ ಮೇಲೆ ಹಾಕಿದ ಸಹಿ ಅದು. ಒಂದು ಪ್ರತಿಯನ್ನು ಅವನ ಕೈಗಿಟ್ಟೆ.

"ಮಾಲೀಕರಿಗೆ ಕೊಡಿ. ಇನ್ನೊಂದು ಪ್ರತಿ ನನ್ನ ಹತ್ರ ಇರುತ್ತೆ. ಹೆಲ್ಮೆಟ್ ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ."

ಅವನು ಕಾಗದ ಓದಿದ. ನನ್ನನ್ನು ನೋಡಿದ. ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಶಿವಣ್ಣ, ತಮ್ಮ ಮಗನ ಹಾರ್ಡ್‌ವೇರ್ ಅಂಗಡಿ ನಾಗರಭಾವಿಯಲ್ಲೇ ಇದೆ, ಈಗಲೇ ತರಿಸಬಹುದು ಎಂದರು. ಸೂಪರ್‌ವೈಸರ್ ಆ ಕಡೆ ಹೋಗಿ ಯಾರಿಗೋ ಫೋನ್ ಮಾಡಿ, ಬಂದು, ತರಿಸಿ ಎಂದ.

ಹೆಲ್ಮೆಟ್‌ಗಳು ಬಂದವು. ದುರುಗಮ್ಮ ಒಂದನ್ನು ಹಾಕಿಕೊಂಡಳು. ತುರುಬಿಗೆ ತಾಗಿ ಮುಂದಕ್ಕೆ ಜಾರಿತು. ಒಳಜಾಲವನ್ನು ಎರಡು ತೂತಿನಷ್ಟು ಸಡಿಲಿಸಿ, ಹಿಂದಿನ ತಿರುಪು ಬಿಗಿದು, ಗದ್ದದ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿದೆ. ಅವಳು ಬಗ್ಗಿ ಎದ್ದಳು, ತಲೆ ಅತ್ತಿತ್ತ ಅಲ್ಲಾಡಿಸಿದಳು. ಹೆಲ್ಮೆಟ್ ಕದಲಲಿಲ್ಲ.

"ಚಲೋ ಕುಂತೈತ್ರೀ ಅಕ್ಕಾರ," ಎಂದಳು. ಆಮೇಲೆ ಇನ್ನೂ ಗಾರೆ ಕಾಣದ ಮೆಟ್ಟಿಲುಗಳ ಕಡೆ ಕೈ ತೋರಿಸಿದಳು. "ಮ್ಯಾಲೆ ಇನ್ನಾ ಮಂದಿ ಅದಾರ್ರೀ. ಅವರವ್ನೂ ನೋಡ್ರಿ."

ಸೂಪರ್‌ವೈಸರ್ ಮೆಟ್ಟಿಲ ಬುಡದಲ್ಲಿ ಬಂದು ನಿಂತ. "ಮೇಡಂ, ಮೇಲೆ ಹೊರಗಿನವರಿಗೆ ಪರ್ಮಿಷನ್ ಇಲ್ಲ."

"ಹಾಗಾದ್ರೆ ನನಗೂ ಒಂದು ಹೆಲ್ಮೆಟ್ ಕೊಡಿ," ಎಂದೆ. ಶಿವಣ್ಣ ಕೊಟ್ಟರು. ತಲೆಯ ಮೇಲಿಟ್ಟುಕೊಂಡು ಪಟ್ಟಿ ಬಿಗಿದು ಮೆಟ್ಟಿಲು ಹತ್ತಿದೆ.